ಊಟಕ್ಕೆಂದೇ ಹೊರಟದ್ದು, ಅತ್ತೆ

ನಮ್ಮ ಮನೆ, ಮಹಡಿಯ ಕೋಣೆ
ಹದಿನಾರನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅತ್ತೆ,

ಹೇಗಿದ್ದೀರಿ? ಮಂಡಿನೋವು ಈಗ ಎಷ್ಟರಮಟ್ಟಿಗಿದೆ? ಭಾವನವರ ಮನೆಯ ಮೆಟ್ಟಿಲು ಕಡಿದಾಗಿದೆ, ಬಟ್ಟೆ ಒಣಹಾಕುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡಿ. ಹಲ್ಲಿನ ಸೆಟ್ಟು ಎಡಗಡೆ ಒಸಡಿಗೆ ಒತ್ತುತ್ತಿದೆಯೇ ಎಂದು ಹೋದ ಪತ್ರದಲ್ಲೇ ಕೇಳಿದ್ದೆ. ನೀವು ಪಕ್ಕದ ಮನೆಯ ನಾಯಿ ಮರಿ ಹಾಕಿದ್ದು, ಮರಿಗಳ ಬಣ್ಣ, ಅವುಗಳಲ್ಲಿ ಒಂದು ಕುಂಟುವುದು ಎಲ್ಲವನ್ನೂ ಬರೆದು ಅದೊಂದನ್ನು ಮಾತ್ರ ನುಂಗಿಬಿಟ್ಟಿದ್ದೀರಿ. ನನ್ನ ಹತ್ತಿರ ಮುಚ್ಚಿಡುವುದರಲ್ಲಿ ಏನರ್ಥ? ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆಯ ಬಾಯಿ ತೆರೆಸಿ ಅಚ್ಚು ತೆಗೆದವಳು ನಾನು. "ಬೇರೆ ಮನೆ ಸೊಸೆಯರು ಹಲ್ಲು ಕಚ್ಕೊಂಡು ಸಂಸಾರ ಮಾಡ್ತಾರೆ, ನನ್ನ ಸೊಸೆ ನಂಗೇ ಹಲ್ಲು ಕಟ್ಟಿಕೊಟ್ಳು" ಎಂದು ನೀವು ಬೀದಿಯಲ್ಲೆಲ್ಲ ಡಂಗುರ ಸಾರಿದ್ದು, ನಿಮ್ಮ ಮಗ ನಾಚಿಕೊಂಡು ಒಳಗೆ ಹೋಗಿ ಕೂತದ್ದು ನೆನಪಿದೆಯಲ್ಲ? ಫೋನಿನಲ್ಲಿ ಕೇಳೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ. ನಾನು ಕೂಗಿ ಹೇಳಿದರೆ ನಿಮ್ಮನ್ನು ಬಿಟ್ಟು ಮನೆಯವರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಈ ಪತ್ರ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಹೀಗೆ ಬರೆದರೆ ನೀವು ನಂಬುವುದಿಲ್ಲವೆಂದೂ ಗೊತ್ತು. ನೀವು ಭಾವನವರ ಮನೆಗೆ ಹೋದಮೇಲೆ ಒಬ್ಬಳಿಗೆ ಅಡುಗೆ ಮಾಡುವ ಹದ ಕೈಗೆ ಹತ್ತಲೇ ಇಲ್ಲ. ಕೆಲಸದಿಂದ ಬಂದು, ಒಲೆಯ ಮುಂದೆ ನಿಂತಂತೆಯೇ ಪಾತ್ರೆಯಿಂದ ನಾಲ್ಕು ತುತ್ತು ತಿಂದು, ಅದೇ ಪಾತ್ರೆ ತೊಳೆದಿಟ್ಟರೆ ಊಟ ಮುಗಿಯಿತು. ಇದನ್ನು ನಮ್ಮ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಒಂದು ದಿನ ತಮಾಷೆಯಾಗಿ ಹೇಳಿದೆ. ಲಾಯರಮ್ಮ ನಗಲಿಲ್ಲ. ಲಾಯರಮ್ಮ ಅಂದರೆ ನಮ್ಮ ಪಾಲಿಶ್ ಯಂತ್ರದ ಹತ್ತಿರ ಕೂರುವವಳು; ವಕೀಲಿ ಓದಿದವಳಲ್ಲ, ಹಲ್ಲಿನ ಬಣ್ಣ ಸರಿಯಿಲ್ಲವೆಂದು ಯಾವ ಡಾಕ್ಟರು ತಗಾದೆ ತೆಗೆದರೂ ವಾದಿಸಿ ಗೆಲ್ಲುವವಳು. ಕಟ್ಟಡಕ್ಕೆ ಬಣ್ಣ ಹೊಡೆಸಲು ಯಜಮಾನರು ಲ್ಯಾಬಿಗೆ ಕೆಲವು ದಿನ ರಜೆ ಕೊಡುತ್ತಾರೆ ಎಂದು ಗೊತ್ತಾದ ಕೂಡಲೇ ಅವಳು ತೀರ್ಪು ಕೊಟ್ಟಳು: "ಎಲ್ಲರೂ ವ್ಯಾನಲ್ಲಿ ಹೋಗೋದು. ಗುಡಿ ಬೇಡ, ಜಲಪಾತ ಬೇಡ, ಫೋಟೋ ಬೇಡ. ಬರೀ ಊಟ. ಒಂದೊಂದು ಊರಲ್ಲೂ ಆ ಊರಿನೋರು ಏನು ತಿಂತಾರೋ ಅದನ್ನೇ ಕೂತು ತಿನ್ನೋದು. ಇವಳೂ ಕೂತೇ ತಿನ್ಬೇಕು."

ಹಾಗೆ ಹೊರಟವರು ನಾಲ್ಕು ಜನ. ನಾನು, ಲಾಯರಮ್ಮ, ಹಲ್ಲಿನ ಪೊಟ್ಟಣಗಳನ್ನು ಊರೂರಿನ ಕ್ಲಿನಿಕ್ಕುಗಳಿಗೆ ಮುಟ್ಟಿಸುವ ಡ್ರೈವರಣ್ಣ, ಮತ್ತೆ ಅಚ್ಚಿಗೆ ಪ್ಲಾಸ್ಟರ್ ಸುರಿಯುವ ಮೇಸ್ತ್ರಿ. ಮೇಸ್ತ್ರಿಯನ್ನು ನೀವು ಮರೆತಿರಲಾರಿರಿ. ನಿಮ್ಮ ಮಗ ಹೋದ ದಿನ ಮನೆ ತುಂಬ ಜನ ಅಳುತ್ತಿದ್ದಾಗ, ಅಡುಗೆಮನೆಗೆ ಹೋಗಿ ಎಲ್ಲರಿಗೂ ಟೀ ಮಾಡಿ, ಲೋಟ ತೊಳೆದು ಬೋರಲು ಹಾಕಿ, ಯಾರಿಗೂ ಹೇಳದೆ ಹೋದವರು. "ಆ ಮೂಗಪ್ಪ ಯಾರೇ?" ಎಂದು ನೀವು ಆಮೇಲೆ ಕೇಳಿದ್ದಿರಿ. ತಾಯಿ ಇರುವವರೆಗೂ ಅವರ ಚಾಕರಿ ಮಾಡುತ್ತ ತಮ್ಮ ಮದುವೆಯ ವಯಸ್ಸನ್ನೇ ದಾಟಿಸಿಕೊಂಡ ಮನುಷ್ಯ. ಮಾತು ಎಣ್ಣೆಯ ಹಾಗೆ, ತೊಟ್ಟು ತೊಟ್ಟು.

ಯಾವ ಊರಿಗೆ ಹೋದರೂ ಮೊದಲು ಪೆಟ್ರೋಲ್ ಬಂಕಿನವನನ್ನು "ನೀವು ಎಲ್ಲಿ ಊಟ ಮಾಡ್ತೀರಾ?" ಎಂದು ಕೇಳಬೇಕು, ಅವನು ತೋರಿಸಿದಲ್ಲಿಗೆ ಹೋಗಬೇಕು ಎನ್ನುವುದು ಲಾಯರಮ್ಮನ ಕಾನೂನು. ಮೊದಲನೇ ಬಂಕಿನಲ್ಲೇ ಕಾನೂನಿಗೆ ಕಲ್ಲು ಬಿತ್ತು. ಆ ಮನುಷ್ಯ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನಾನಾ? ಹೆಂಡ್ತಿ ಕಟ್ಟಿಕೊಟ್ಟಿದ್ದನ್ನ ಇಲ್ಲೇ ಕೂತು ತಿಂತೀನಿ" ಅಂದ. ಲಾಯರಮ್ಮ ಸೋಲು ಒಪ್ಪುವವಳೇ? "ಹಾಗಾದ್ರೆ ಅದನ್ನೇ ತೋರಿಸಿ" ಅಂದಳು. ಅವನು ನಕ್ಕು ಡಬ್ಬಿ ತೆರೆದೇಬಿಟ್ಟ. ಮೂಳೆಯ ಜೊತೆ ಹದವಾಗಿ ಬೆಂದ ಕಾಳು, ಸುಟ್ಟ ಬದನೆಕಾಯಿ, ಮೇಲೆ ಹಿಂಡಲು ಅರ್ಧ ನಿಂಬೆಹಣ್ಣು. ಎಲ್ಲರೂ ಒಂದೊಂದು ಚಮಚ ತಿಂದೆವು. ಬದಲಿಗೆ ನಾವು ತಂದಿದ್ದ ಬಾಳೆಹಣ್ಣು, ಮೊಟ್ಟೆ, ಬಿಸ್ಕತ್ತು ಎಲ್ಲ ಅವನ ಮೇಜಿನ ಮೇಲೆ ಸುರಿದು ಬಂದೆವು. ಹೊರಡುವಾಗ ಅವನು ಕೂಗಿ ಹೇಳಿದ, "ಇವತ್ತು ನಾಲ್ಕು ಜನ ನಿನ್ನ ಅಡುಗೆ ಹೊಗಳಿದ್ರು ಅಂದ್ರೆ ಅವಳು ನಂಬಲ್ಲ, ಒಂದ್ಸಲ ಫೋನಲ್ಲಿ ನೀವೇ ಹೇಳಿ!" ಲಾಯರಮ್ಮ ಹೇಳಿದಳು. ಅತ್ತ ಕಡೆಯಿಂದ ಹೆಂಗಸು, "ಉಪ್ಪು ಕಮ್ಮಿಯಾಗಿತ್ತಲ್ವಾ?" ಎಂದು ಕೇಳಿದಳಂತೆ. ಥೇಟ್ ನೀವೇ, ಅತ್ತೆ. ಯಾರು ಹೊಗಳಿದರೂ ನೀವು ಮೊದಲು ಹುಡುಕುತ್ತಿದ್ದದ್ದು ತಪ್ಪನ್ನೇ.

ಎರಡನೇ ದಿನದ್ದು ನಿಮಗೆ ವಿವರವಾಗಿ ಹೇಳಲೇಬೇಕು. ಕೆರೆಯ ದಂಡೆಯಲ್ಲಿ ತಗಡಿನ ಮಾಡಿನ ಒಂದು ಊಟದ ಮನೆ. ಬೆರಳುದ್ದದ ಮೀನನ್ನು ಮುಳ್ಳು ಸಮೇತ ಗರಿಗರಿಯಾಗಿ ಹುರಿದು ಬಿಸಿ ಅನ್ನದ ಮೇಲೆ ಹಾಕಿ ಕೊಡುತ್ತಾರೆ, ದೂರದೂರದಿಂದ ಜನ ಬರುತ್ತಾರೆ. ಹುರಿಯುವುದು ಒಬ್ಬ ಅಜ್ಜಿ. ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡೇ ಮಾತಾಡುತ್ತಿದ್ದರು. ಬೇರೆಯವರು ಹೊಗೆಗೆ ಹಾಗೆ ಮಾಡುತ್ತಾರೆ ಎಂದುಕೊಳ್ಳಬಹುದು, ನಮ್ಮ ಕಸುಬಿನವರಿಗೆ ಗೊತ್ತಾಗಿಬಿಡುತ್ತದೆ. ಮೇಸ್ತ್ರಿ ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಹತ್ತಿರ ಹೋಗಿ, "ಅಜ್ಜಿ, ಮೇಲಿನ ಸೆಟ್ಟು ಎಲ್ಲಿ?" ಎಂದು ಕೇಳಿದೆ. ಅವರು ಮೊದಲು ಸಿಟ್ಟಾದರು. "ನಿಂಗ್ಯಾಕಮ್ಮ? ಮೀನು ತಿನ್ನೋಕೆ ಬಂದ್ಯೋ, ನನ್ನ ಬಾಯಿ ನೋಡೋಕೆ ಬಂದ್ಯೋ?" ನಮ್ಮ ಕೆಲಸ ಇಂಥದ್ದು ಎಂದಮೇಲೆ ಮೆತ್ತಗಾಗಿ, ಒಳಗಿನಿಂದ ಕರವಸ್ತ್ರದಲ್ಲಿ ಸುತ್ತಿದ್ದನ್ನು ತಂದರು. ನಡುವೆ ಸೀಳಿ ಎರಡು ಹೋಳು. ಕೈಜಾರಿ ಕಲ್ಲಿನ ಮೇಲೆ ಬಿತ್ತಂತೆ. ಹೊಸದು ಕಟ್ಟಿಸಲು ಪೇಟೆಗೆ ಹೋದರೆ ಒಲೆ ಆರುತ್ತದೆ, ಒಲೆ ಆರಿದರೆ ಬಂದವರು ಹಿಂದಿರುಗುತ್ತಾರೆ ಎಂದು ಮಳೆಗಾಲದಿಂದ ಹಾಗೇ ಇದ್ದಾರೆ. ಊರಿಗೆಲ್ಲ ಮೀನು ಹುರಿದು ಹಾಕಿ ತಾವು ಗಂಜಿ ಕುಡಿಯುತ್ತ.

ಡ್ರೈವರಣ್ಣನ ವ್ಯಾನಿನಲ್ಲಿ ರಿಪೇರಿಯ ಡಬ್ಬಿ ಯಾವಾಗಲೂ ಇರುತ್ತದೆಯಲ್ಲ, ಅದು ಅವತ್ತು ಪುಣ್ಯದ ಕೆಲಸಕ್ಕೆ ಬಂತು. ಎರಡು ಹೋಳನ್ನೂ ಮೇಣದಲ್ಲಿ ಕೂಡಿಸಿ, ಒಳಮೈಗೆ ಪ್ಲಾಸ್ಟರ್ ಸುರಿದು, ಅದು ಗಟ್ಟಿಯಾಗುವವರೆಗೆ ಮೇಸ್ತ್ರಿ ಮಗುವನ್ನು ಹಿಡಿದಂತೆ ಅಂಗೈಯಲ್ಲಿ ಹಿಡಿದು ಕೂತರು. ಆಮೇಲೆ ಬಿರುಕಿಗೆ ಒಸಡಿನ ಬಣ್ಣದ ಪುಡಿ, ಮೇಲೆ ಅದನ್ನು ಗಟ್ಟಿ ಮಾಡುವ ದ್ರವ ಒಂದು ತೊಟ್ಟು, ಮತ್ತೆ ಪುಡಿ. ಅಜ್ಜಿಯ ಗಂಜಿ ಪಾತ್ರೆಯಲ್ಲೇ ನೀರು ಬಿಸಿ ಮಾಡಿ ಅದರಲ್ಲಿ ಇಟ್ಟೆವು. ಉಜ್ಜಿ ನುಣುಪು ಮಾಡುವ ಕೆಲಸ ನನ್ನದು. ಅಷ್ಟು ಹೊತ್ತೂ ಲಾಯರಮ್ಮ ಸೊಂಟಕ್ಕೆ ಟವೆಲ್ ಸಿಕ್ಕಿಸಿ ಮೀನು ಹುರಿದಳು, ಡ್ರೈವರಣ್ಣ ಬಂದವರಿಗೆಲ್ಲ ಬಡಿಸಿದ, ಅಜ್ಜಿ ಇಬ್ಬರನ್ನೂ ಒಂದೇ ಸಮನೆ ಬಯ್ದರು. ನನಗೋ, ಎಷ್ಟೋ ತಿಂಗಳ ಮೇಲೆ ಕೈ ಹಗುರಾಗಿತ್ತು. ದಿನವೂ ಮುಖ ಕಾಣದವರ ಹಲ್ಲು ಕಟ್ಟುತ್ತೇವೆ. ಇಲ್ಲಿ ಬಾಯಿ ಕಣ್ಣೆದುರೇ ಕಾಯುತ್ತಿತ್ತು.

ಕೊನೆಗೆ ಅಜ್ಜಿ ಸೆಟ್ಟು ಹಾಕಿಕೊಂಡು, ಬಾಯಿ ಆಡಿಸಿ ನೋಡಿ, ತಮ್ಮದೇ ಬಾಣಲೆಯಿಂದ ಬೆಳಿಗ್ಗೆ ಹುರಿದಿಟ್ಟಿದ್ದ ಒಂದು ಮೀನು ತೆಗೆದು ಕಚ್ಚಿದರು. ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದೇವೆ. ಅಗಿದರು, ನಿಲ್ಲಿಸಿದರು, ಮುಖ ಗಂಟಿಕ್ಕಿದರು. "ಅಯ್ಯೋ, ಇದು ಕಲ್ಲಾಗಿದೆಯಲ್ರೋ! ಇಷ್ಟು ದಿನ ಇದನ್ನೇ ತಿಂದು ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಾ?" ಕಚ್ಚಿ ನೋಡಲಾಗದೆ ಬರೀ ಬಣ್ಣ ನೋಡಿ ಹುರಿಯುತ್ತಿದ್ದರಂತೆ. ಎಲ್ಲರನ್ನೂ ಎಬ್ಬಿಸಿ, ಬಾಣಲೆ ಇಳಿಸಿ, ಹೊಸ ಎಣ್ಣೆ ಹಾಕಿ ಮತ್ತೆ ಶುರುಮಾಡಿದರು. ಆ ಎರಡನೇ ಸಲದ ಮೀನು, ಅತ್ತೆ! ಹೊರಗೆ ಮುರಿದರೆ ಸದ್ದು, ಒಳಗೆ ಬೆಣ್ಣೆ. ಅಜ್ಜಿಯೂ ನಮ್ಮ ಸಾಲಿನಲ್ಲೇ ತಟ್ಟೆ ಹಿಡಿದು ಕೂತರು. ತಿನ್ನುತ್ತ ತಿನ್ನುತ್ತ ಕಣ್ಣಲ್ಲಿ ನೀರು. ಒರೆಸಿಕೊಳ್ಳುವಷ್ಟು ಪುರುಸೊತ್ತೂ ಇಲ್ಲ. ನನ್ನ ಬೆನ್ನು ತಟ್ಟಿ, "ನಿನ್ನ ಗಂಡನ ಕೈ ಬಲು ನಯ ಕಣಮ್ಮ" ಅಂದರು. ಮೇಸ್ತ್ರಿ ನೀರು ಕುಡಿಯುತ್ತಿದ್ದವರು ಕೆಮ್ಮಿದರು. ಎಲ್ಲದಕ್ಕೂ ವಾದ ಮಾಡುವ ಲಾಯರಮ್ಮ ಅವತ್ತೊಂದು ದಿನ ತಟ್ಟೆಯಿಂದ ತಲೆಯೆತ್ತಲಿಲ್ಲ. ಇಲ್ಲ ಅಜ್ಜಿ, ಒಟ್ಟಿಗೆ ಕೆಲಸ ಮಾಡುವವರು ಎಂದು ನಾನೇ ಹೇಳಿದೆ. ಅಜ್ಜಿಗೆ ವಯಸ್ಸಾಗಿದೆ, ಬಿಡಿ.

ಊಟವಾದಮೇಲೆ ದಂಡೆಯ ಮೇಲೆ ಕೂತಿದ್ದಾಗ ನೀವು ತುಂಬಾ ನೆನಪಾದಿರಿ. ಹೊಟ್ಟೆ ತುಂಬಿದ ಮೇಲೆ ಯಾರನ್ನಾದರೂ ಇಷ್ಟು ನೆನೆಯಬಹುದೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಮಗ ಹೋದಮೇಲೂ ನೀವು ಮೂರು ಜನರಿಗೆ ಅಕ್ಕಿ ಅಳೆಯುತ್ತಿದ್ದಿರಿ. ನಾನು ನೋಡುತ್ತಿದ್ದೆ, ಹೇಳುತ್ತಿರಲಿಲ್ಲ. ಉಳಿದದ್ದನ್ನು ಬೆಳಿಗ್ಗೆ ಇಬ್ಬರೂ ಎದುರುಬದುರು ಕೂತು, ಹವಾಮಾನದ ಮಾತಾಡುತ್ತ ಖಾಲಿ ಮಾಡುತ್ತಿದ್ದೆವು. ಆ ತಂಗಳಿನ ರುಚಿಯ ಮುಂದೆ ಯಾವ ಊರಿನ ಊಟವೂ ಇಲ್ಲವೆಂದು ಬರೆದರೆ ಉತ್ಪ್ರೇಕ್ಷೆಯಾದೀತು, ಅಜ್ಜಿಯ ಮೀನಿಗೆ ಮೋಸವಾದೀತು. ಆದರೆ ಎದುರಿಗೆ ಕೂತು "ಇನ್ನೊಂಚೂರು ಹಾಕ್ಕೋ, ದಾರಿ ತಪ್ಪಿದ ಗಾಳಿಗೂ ಹಾರಿಹೋಗೋ ಹಾಗಿದ್ದೀಯ" ಎಂದು ಗದರುವ ಬಾಯಿ ಎಲ್ಲೂ ಸಿಗಲಿಲ್ಲ. ಭಾವನವರೂ ನಿಮ್ಮ ಮಗನೇ, ನಿಮ್ಮನ್ನು ಕರೆದುಕೊಂಡು ಹೋದದ್ದರಲ್ಲಿ ತಪ್ಪಿಲ್ಲ. ಅಕ್ಕ ಒಟ್ಟಿಗೆ ಎರಡು ಕೂಸು ಹೆತ್ತಳು, ಅವಳಿಗೂ ಕೈ ಬೇಕಿತ್ತು. ಹೊರಡುವ ದಿನ ಬಾಗಿಲಲ್ಲಿ ನಿಂತು ನೀವು, "ಇನ್ನು ನಿನ್ನ ದಾರಿ ನೀನು ನೋಡ್ಕೊಳಮ್ಮ" ಅಂದಿರಿ. ಅದನ್ನು ಅಕ್ಕರೆಯಿಂದ ಅಂದಿರೋ, ನನ್ನಿಂದ ಕೈ ತೊಳೆದುಕೊಂಡಿರೋ ಎಂದು ವರ್ಷವಿಡೀ ಹಲ್ಲು ಉಜ್ಜುತ್ತ ಯೋಚಿಸಿದ್ದೇನೆ. ನನ್ನ ಹಲ್ಲಲ್ಲ, ಲ್ಯಾಬಿನ ಹಲ್ಲು. ನಗಬೇಡಿ.

ಮೂರನೇ ದಿನ ಬೆಟ್ಟದ ದಾರಿಯಲ್ಲಿ ಜೇನು ಸುರಿದ ಬಿಸಿ ಗಂಜಿ, ಹೊಗೆಯಲ್ಲಿ ಒಣಗಿಸಿದ ಮಾಂಸ, ಹುಳಿ ಹಣ್ಣಿನ ಗೊಜ್ಜು, ಹೀಗೆ ಏನೇನೋ. ಡ್ರೈವರಣ್ಣ ಹೊಟ್ಟೆ ಕೆಡಿಸಿಕೊಂಡ. ದಾರಿಯ ತುಂಬ ಪೊದೆ ಕಂಡಲ್ಲೆಲ್ಲ ವ್ಯಾನು ನಿಂತಿತು. ಅವನ ಬದಲು ಮೇಸ್ತ್ರಿ ಓಡಿಸಿದರು. ನಾನು ದಪ್ಪಗಾಗಿದ್ದೇನೆ, ಲಾಯರಮ್ಮ ಅಳತೆಪಟ್ಟಿ ಹಿಡಿದು ಸಾಬೀತು ಮಾಡಿದ್ದಾಳೆ. ಮನೆಗೆ ಬಂದು ಬೀಗ ತೆಗೆದಾಗ ಒಳಗಿನ ವಾಸನೆ ಮುಚ್ಚಿಟ್ಟ ಪೆಟ್ಟಿಗೆಯ ಹಾಗಿತ್ತು. ಅವತ್ತು ನಾನು ತಟ್ಟೆಗೆ ಬಡಿಸಿಕೊಂಡು ಕೂತು ಊಟ ಮಾಡಿದೆ. ನಿಮಗೆ ಹೇಳಬೇಕೆನ್ನಿಸಿತು.

ಕೂಸುಗಳಿಗೆ ಮುದ್ದು, ಭಾವನವರಿಗೂ ಅಕ್ಕನಿಗೂ ನನ್ನ ನೆನಪು ತಿಳಿಸಿ. ನಿಮ್ಮ ಮಂಡಿಗೆ ಬಿಸಿನೀರಿನ ಶಾಖ, ನನ್ನ ತಲೆಗೆ ನಿಮ್ಮ ಆಶೀರ್ವಾದ, ಎರಡೂ ತಪ್ಪದಿರಲಿ.

ನಿಮ್ಮ ಹಲ್ಲಿನ ಸೊಸೆ

ಮರೆತದ್ದು: ಮರೆತಿರಲಿಲ್ಲ, ಅತ್ತೆ. ಇಷ್ಟು ಪುಟ ತಿರುಗಿ ಬಂದದ್ದೇ ಇದಕ್ಕೆ. ವಾಪಸು ಬರುವಾಗ ಟೀ ಕುಡಿಯಲು ನಿಂತಿದ್ದೆವು, ಲಾಯರಮ್ಮನೂ ಡ್ರೈವರಣ್ಣನೂ ಮಾತ್ರೆ ತರಲು ಅಂಗಡಿಗೆ ಹೋಗಿದ್ದರು. ಮೇಸ್ತ್ರಿ ಲೋಟ ಕೆಳಗಿಟ್ಟು, "ನಂಗೆ ಮಾತಾಡಕ್ಕೆ ಬರಲ್ಲ, ಒಂದೇ ಸಲ ಹೇಳ್ತೀನಿ. ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದರು. ನಾನು ಅಳಲಿಲ್ಲ, ಬೇಡವೆನ್ನಲೂ ಇಲ್ಲ. ಮನೆಯಲ್ಲಿ ಹಿರಿಯರಿದ್ದಾರೆ, ಕೇಳಬೇಕು ಅಂದೆ. ಯಾರು ಅಂದರು. ನನ್ನ ಅತ್ತೆ ಅಂದೆ. ಕೆಳಗಿಟ್ಟ ಲೋಟ ಮತ್ತೆ ಎತ್ತಿಕೊಂಡು, "ಕೇಳು. ಆಮೇಲೂ ಅವರು ನಿಂಗೆ ಅತ್ತೇನೇ. ನಮ್ಮ ಜೊತೆ ಇರ್ತಾರಾ ಅಂತಾನೂ ಕೇಳು" ಅಂದರು. ನೀವು ಬೇಡವೆಂದರೆ ಯಾಕೆಂದು ಕೇಳುವುದಿಲ್ಲ. ನನಗೆ ಮನಸ್ಸಿದೆಯೇ ಎಂದರೆ, ಇದೆ. ನಿಮ್ಮ ಮಗನ ನೆನಪು ಹೋಗಿದೆಯೇ ಎಂದರೆ, ಇಲ್ಲ. ಆ ಮಗನ ತಾಯಿಯನ್ನು ಇಂಥ ಮಾತು ಕೇಳುವ ಧೈರ್ಯ ನನಗಿಲ್ಲ. ನಾನು ಕೇಳುತ್ತಿರುವುದು ನನ್ನ ಅತ್ತೆಯನ್ನು. ಡ್ರೈವರಣ್ಣ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ನಿಮ್ಮ ಊರಿನ ಕ್ಲಿನಿಕ್ಕಿಗೆ ನಾಳೆ ಬೆಳಿಗ್ಗೆ ಹಲ್ಲು ಮುಟ್ಟಿಸಬೇಕಂತೆ, ಪತ್ರವನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಮಧ್ಯಾಹ್ನ ಅವನು ಅದೇ ದಾರಿಯಲ್ಲಿ ಹಿಂದಿರುಗುತ್ತಾನೆ. ಉತ್ತರ ಬರೆಯಲು ಕೂರಬೇಡಿ. ಬಯ್ಯುವುದಿದ್ದರೂ ವ್ಯಾನ್ ಹತ್ತಿ ಇಲ್ಲಿಗೇ ಬಂದು ಬಯ್ಯಿರಿ. ನಾಳೆ ರಾತ್ರಿಗೆ ಇಬ್ಬರಿಗೆ ಅಕ್ಕಿ ತೊಳೆದಿಡುತ್ತೇನೆ.