ಮೊಸಳೆಯ ಕುಲ, ನಮ್ಮ ಕುಲ

ವೆಂಕಟರಾಯಪ್ಪನವರೇ,

ನಿಮ್ಮ ಮನೆಯಿಂದ ಹೊರಡುವಾಗ ಒಂದು ಕೋಡುಬಳೆ ಕದ್ದೆನೆಂದು ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ. ಕಚ್ಚಲಾಗಲಿಲ್ಲ, ಕಾಲೇಜಿನ ಕಪಾಟಿನಲ್ಲಿ ಪಳೆಯುಳಿಕೆಗಳ ಪಕ್ಕ ಇಟ್ಟಿದ್ದೇನೆ.

"ಇಬ್ರುದೂ ಒಂದೇ ಕುಲ ಕಣ್ರೀ ಮೇಷ್ಟ್ರೇ, ಹುಡುಗ ಹುಡುಗಿ ಅಣ್ಣ ತಂಗಿ ಆಗ್ತಾರೆ" ಎಂದು ನಿಮ್ಮ ಮಗನ ಮದುವೆ ಮುರಿದು ನನ್ನ ಮಗಳು ರಮ್ಯಳನ್ನು ಅಳಿಸಿದಿರಿ. ಅಲ್ರೀ, ಮೊಸಳೆಗೆ ಹಲ್ಲಿ, ಓತಿಗಳಿಗಿಂತ ಕೋಳಿಯೇ ಹತ್ತಿರದ ನಂಟ ಎಂದು ಪಾಠ ಮಾಡುವವನು ನಾನು. ಯಾವ ಜೀವಿಯ ವಂಶ ಎಲ್ಲಿ ಕವಲೊಡೆಯಿತೆಂದು ನಿದ್ದೆಯಲ್ಲೂ ಹೇಳಬಲ್ಲೆ. ನನಗೆ ಕುಲ ಕಲಿಸಲು ನೀವ್ಯಾರು?

ಆದರೂ ದಯವಿಟ್ಟು ಮದುವೆ ಮತ್ತೆ ನಿಶ್ಚಯಿಸಿ. ನಮ್ಮ ಕುಲ ಬೇರೆಯೇ ಎಂದು ನಮ್ಮಮ್ಮ ಅಂಜಿನಮ್ಮ ನಿನ್ನೆ ಬೈದು ಹೇಳಿದರು. ಅಂದು ನೀವು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಒಂದೇ ಆದರೆ ನಿಮಗೆ ಖುಷಿಯಾದೀತೆಂದು "ನಿಮ್ದೇ ನಮ್ದೂ" ಅಂದುಬಿಟ್ಟೆ.

ಇನ್ನೂ ಕೋಪದಲ್ಲೇ ಇರುವ,
ಮನೋಹರ್
ಜೀವಶಾಸ್ತ್ರ ಉಪನ್ಯಾಸಕ, ತ್ಯಾಮಗೊಂಡ್ಲು