ಬಸ್ಸಿನ ಕಥೆ ಬೇಡ, ಅಕ್ಕ

ಅಕ್ಕ,

ನಾನು ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ನಿನ್ನ ಗಂಟಲಿಗೆ ಫ್ಲಾಸ್ಕಿನಲ್ಲಿ ಬಿಸಿನೀರಿದೆ. ಪ್ರಚಾರಕ್ಕೆ ಬರುವವರಿಗೆ ಹೇಳಿ ನನ್ನ ಹಾಸಿಗೆಯ ಮೇಲಿರುವ ಕರಪತ್ರದ ಕಟ್ಟುಗಳನ್ನು ತೆಗೆಸು. ನಾನು ನೆಲದ ಮೇಲೆ ಮಲಗುತ್ತಿದ್ದೇನೆ.

ನಿನ್ನೆ ಮಾರುಕಟ್ಟೆಯಲ್ಲಿ ನೀನು ಮಾಡಿದ ಭಾಷಣ ನಮ್ಮ ಅಂಗಡಿಯವರೆಗೂ ಕೇಳಿಸಿತು. "ಬಸ್ಸಿಲ್ಲದೆ ನನ್ನ ಸ್ವಂತ ತಂಗಿ ಶಾಲೆ ಬಿಟ್ಟಳು. ಅಂಥ ಹುಡುಗಿಯರಿಗಾಗಿ ನನ್ನನ್ನು ವಿಧಾನಸಭೆಗೆ ಕಳಿಸಿ" ಎಂದೆ. ಗುಂಡಿ ಹೊಲಿಯುವ ಅಜ್ಜಿ ಕನ್ನಡಕ ಮೇಲೆತ್ತಿ, "ಪಾಪ, ಆ ತಂಗಿ ನೀನೇನಾ?" ಎಂದರು. ನಾನು ತಲೆ ಎತ್ತದೆ ಮಿಷನ್ ತುಳಿದೆ. ತೋಳು ಸೊಟ್ಟಗೆ ಹೊಲಿದು ಮತ್ತೆ ಬಿಚ್ಚಬೇಕಾಯಿತು.

ಬಸ್ಸು ನಮ್ಮ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು. ಆಗ ನಿನ್ನ ಮಗಳು ಹಸುಗೂಸು, ನಿನಗೆ ಕಾನೂನು ಪರೀಕ್ಷೆ. "ಒಂದೇ ವರ್ಷ ಇವಳನ್ನ ನೋಡ್ಕೋ, ಆಮೇಲೆ ನಾನೇ ನಿನ್ನನ್ನ ಮತ್ತೆ ಶಾಲೆಗೆ ಸೇರಿಸ್ತೀನಿ" ಅಂದವಳು ನೀನು. ಮಗುವನ್ನು ನೋಡಿಕೊಂಡಿದ್ದಕ್ಕೆ ನನಗೆ ಬೇಸರವಿಲ್ಲ. ಅವಳು ಮೊದಲ ಹೆಜ್ಜೆ ಇಟ್ಟಿದ್ದು ನನ್ನ ಕಡೆಗೇ. ಆದರೆ ನೀನು ಅಂದ ಮಾತನ್ನು ಮರೆತು, ಅದರ ಜಾಗದಲ್ಲಿ ಒಂದು ಬಸ್ಸನ್ನು ತಂದು ನಿಲ್ಲಿಸಿದೆಯಲ್ಲ, ಅದನ್ನು ಸಹಿಸಲಾಗುತ್ತಿಲ್ಲ.

ಸಂಜೆ ನನ್ನನ್ನು ವೇದಿಕೆಗೆ ಕರೆಯುತ್ತೀಯಂತೆ, ನಿನ್ನ ಮಗಳು ಹೇಳಿದಳು. ನಾಲ್ಕು ಜನರ ಮುಂದೆ ನಾನು ಬಾಯಿ ಬಿಡುವವಳಲ್ಲ ಎಂದು ನಿನಗೆ ಗೊತ್ತು. ಅದೇ ನಿನ್ನ ಧೈರ್ಯ.

ನಡೆದದ್ದನ್ನು ನಡೆದ ಹಾಗೆ ಹೇಳುವುದಾದರೆ ಬಂದು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಮತ್ತೆ ಆ ಕಥೆಯನ್ನೇ ಹೇಳುವುದಾದರೆ ಮೈಕನ್ನು ನನ್ನ ಕೈಗೆ ಕೊಡಬೇಡ. ಕೊಟ್ಟರೆ ಮಾತಾಡಿಬಿಡುತ್ತೇನೆ.