ಅಮ್ಮನಿಗೆ ಕೊಡದೆ ಹೋದ ಪ್ರಸಾದ

ಫೆಬ್ರವರಿ ೧೧, ಭಾನುವಾರ

ಮಠದಲ್ಲಿರುವ ನನ್ನ ಅಕ್ಕನಿಗೆ,

ಪ್ರೀತಿ ಇದ್ದೇ ಇದೆ, ಇವತ್ತು ಜೊತೆಗೆ ಸ್ವಲ್ಪ ಸಿಟ್ಟೂ ಇದೆ. ಅಮ್ಮ ಜಪಮಾಲೆ ಹೇಳುತ್ತಾಳಾ, ಪಾಪನಿವೇದನೆ ಮಾಡಿದಳಾ, ಪರಮಪ್ರಸಾದ ತೆಗೆದುಕೊಂಡಳಾ ಎಂದೆಲ್ಲ ಕಾಗದದಲ್ಲಿ ಕೇಳಿದ್ದೀಯ. ಊಟ ಮಾಡಿದಳಾ ಎಂದು ಕೇಳಿಲ್ಲ. ಇರಲಿ, ನೀನು ಕನ್ಯಾಸ್ತ್ರೀ, ನಾನು ದರ್ಜಿ. ಅವರವರ ಚಿಂತೆ ಅವರವರಿಗೆ.

ಜಪಮಾಲೆಯನ್ನು ಮೊದಮೊದಲು ಕೈಗೆ ಕೊಡುತ್ತಿದ್ದೆ. ಈಗ ಮಣಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ, ಅದಕ್ಕೇ ಎತ್ತಿಟ್ಟಿದ್ದೇನೆ. ಹೋದ ವಾರ ಫಾದರ್ ಪ್ರಸಾದದ ರೊಟ್ಟಿಯಿದ್ದ ಪುಟ್ಟ ಡಬ್ಬಿ ಹಿಡಿದು ಮನೆಗೇ ಬಂದರು. ಪಾಪ, ಒಳ್ಳೆಯವರೇ. ಹೊಲಿಯಲು ಬಂದಿದ್ದ ಯೂನಿಫಾರ್ಮ್ ಬಟ್ಟೆಯ ರಾಶಿ ಸರಿಸಿ ಕೂರಲು ಜಾಗ ಮಾಡಿಕೊಟ್ಟೆ. ಅಮ್ಮನ ಕೈ ಹಿಡಿದು, "ಯೇಸು ಯಾರು ಅಂತ ಗೊತ್ತಾಮ್ಮ?" ಎಂದು ಕೇಳಿದರು. ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ತಮ್ಮನಾ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಏನು ತಗೊಳ್ತಿದ್ದೀನಿ ಅನ್ನೋದೇ ಗೊತ್ತಿಲ್ಲದವರಿಗೆ ಹೇಗೆ ಕೊಡ್ಲಿ ಎನ್ನುತ್ತಾ ಡಬ್ಬಿ ಮುಚ್ಚಿಕೊಂಡು ಹೋದರು.

ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲ ಎಂದಿದ್ದಾರೆ. ನೆನಪು ಚೆನ್ನಾಗಿದ್ದಾಗ ಅಮ್ಮ ನನ್ನಲ್ಲಿ ಕೇಳಿಕೊಂಡದ್ದು ಒಂದೇ: "ಪ್ರಸಾದ ಇಲ್ದೆ ನನ್ನ ಕಳಿಸಬೇಡ ಕಣೆ." ನಾನು ಹೂಂ ಎಂದಿದ್ದೆ. ನೀನೂ ಫಾದರ್ ಹೇಳಿದ್ದನ್ನೇ ಬರೆದಿದ್ದೀಯ: ವಿಶ್ವಾಸವಿಲ್ಲದ ಆಚರಣೆಯಿಂದ ರಕ್ಷಣೆ ಇಲ್ಲ, ಅವಳ ವಿಶ್ವಾಸಕ್ಕಾಗಿ ಪ್ರಾರ್ಥಿಸು ಎಂದು. ಅಲ್ಲ ಅಕ್ಕ, ಮೈ ಸುಡುವ ಜ್ವರದಲ್ಲೂ ಪೂಜೆ ತಪ್ಪಿಸಿದವಳಲ್ಲ ಅವಳು. ಅಷ್ಟು ವರ್ಷದ ವಿಶ್ವಾಸ ಬರೀ ತಲೆಯಲ್ಲಿತ್ತಾ, ಮರೆವು ಬಂದ ಕೂಡಲೇ ಕೈಬಿಟ್ಟು ಹೋಗಲು? ಪ್ರಾರ್ಥಿಸು ಎನ್ನುತ್ತೀಯಲ್ಲ, ಪಿತನ ಹೆಸರಿನಲ್ಲಿ ಎಂದು ಹಣೆ ಮುಟ್ಟುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತದೆ. ಚರ್ಚಿಗೆ ಹೋಗಿ ಎಷ್ಟು ಕಾಲವಾಯಿತೋ. ಅವಳೊಬ್ಬಳನ್ನೇ ಬಿಟ್ಟು ಹೇಗೆ ಹೋಗಲಿ? ಹಾಗಾದರೆ ನಿನ್ನ ರಕ್ಷಣೆಯ ಗತಿ ಏನು ಎಂದು ಕೇಳಬೇಡ. ಸುಸ್ತಾಗಿದೆ, ಅಷ್ಟೇ.

ನನ್ನ ಮಾತನ್ನು ಫಾದರ್ ಕೇಳುವುದಿಲ್ಲ, ನಿನ್ನದನ್ನು ಕೇಳುತ್ತಾರೆ. ಬಂದು ಹೇಳು. ವಾದ ಮಾಡಲು ನಮಗೆ ಆಮೇಲೆ ಬೇಕಾದಷ್ಟು ಪುರುಸೊತ್ತು ಇರುತ್ತದೆ.

ಇಂತಿ,
ಸೋತು ಸುಣ್ಣವಾದ ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ, ಮಂಚದ ಮೇಲಿನ ಗೋಡೆಯಲ್ಲಿ ಶಿಲುಬೆಯ ಯೇಸು ಇರಲಿಲ್ಲ. ಅಮ್ಮ ಹೇಗೋ ಇಳಿಸಿ, ತನ್ನ ಶಾಲು ಹೊದಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡಿದ್ದಳು. ಯಾರಮ್ಮ ಇದು ಎಂದು ಕೇಳಿದೆ. "ಯಾರೋ ಗೊತ್ತಿಲ್ಲ ಕಣೆ. ಮೈಮೇಲೆ ಬಟ್ಟೆ ಇಲ್ಲ, ಪಾಪ" ಎಂದಳು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ತಂದರೆ ಬಾಯಿ ತೆರೆಯಲಿಲ್ಲ. ಮೊದಲು ಅವನಿಗೆ ಕೊಡು ಎಂದಳು.